ಅವ್ವ ಸತ್ತದ್ದು ಯಾಕೆ

ಸುಮಂಗಲಾ ಆಳಂದ ಡಿಪೋದಲ್ಲಿ ಬಸ್ ಕಂಡಕ್ಟರ್. ಅವಳ ದನಿ ಬಸ್ಸಿನ ಹಿಂದಿನ ಸೀಟಿನವರೆಗೂ ನೆಟ್ಟಗೆ ಹೋಗುತ್ತದೆ. ಸಂತೆಯ ದಿನ ಬಾಗಿಲಿಗೆ ಜೋತುಬಿದ್ದ ಮಂದಿಯನ್ನು ಅವಳು ಬೈಯುವುದಿಲ್ಲ. ‘ಒಳಗ ಸರೀರಿ ಯಣ್ಣ, ಮನ್ಯಾಗ ದಾರಿ ನೋಡ್ತಿರ್ತಾರ’ ಎಂದಷ್ಟೇ ಅನ್ನುತ್ತಾಳೆ, ಜನ ಒಳಗೆ ಸರಿಯುತ್ತಾರೆ. ಗಂಡ ಸಿದ್ದಲಿಂಗ ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಮಗಳು ಶೈಲಶ್ರೀ ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಾಳೆ.

ಒಡಹುಟ್ಟಿದವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ‘ನಾ ಒಬ್ಬಾಕೇ ರೀ’ ಅನ್ನುವುದು ಅವಳಿಗೆ ರೂಢಿಯಾಗಿತ್ತು. ಹೇಳಿ ಹೇಳಿ ನಾಲಿಗೆ ಪಳಗಿಹೋಗಿತ್ತು. ಆದರೆ ಅವಳಿಗೊಬ್ಬಳು ಅಕ್ಕ ಇದ್ದಳು, ವಿದ್ಯಾವತಿ.

ಅವರ ಅಪ್ಪ ಗುರಣ್ಣ ಮಾದನಹಿಪ್ಪರಗಾದ ರೈತ. ತೊಗರಿ, ಜೋಳದ ಹೊಲ, ಒಂದು ಬಾವಿ. ಮುಂಜಾನೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನುಷ್ಯ. ಹೆಣ್ಣುಮಕ್ಕಳು ಓದಲಿ ಎಂದು ದೊಡ್ಡವಳನ್ನು ಆಳಂದದ ಕಾಲೇಜಿಗೆ ಕಳಿಸಿದ. ಬಾವಿಯ ಮೋಟರ್ ಸುಟ್ಟಾಗ ಅದನ್ನು ರಿಪೇರಿಗೆ ಕೊಡುತ್ತಿದ್ದದ್ದು ಆಳಂದದ ಬಸ್ ಸ್ಟ್ಯಾಂಡಿನ ಹಿಂದಿದ್ದ ಜಹೀರುದ್ದೀನ ಎಂಬ ಹುಡುಗನ ಅಂಗಡಿಗೆ. ‘ಕಾಲೇಜು ಬಿಟ್ಟು ಬರುವಾಗ ಮೋಟರ್ ಆಗಿದೆಯೋ ಇಲ್ಲವೋ ಕೇಳಿಕೊಂಡು ಬಾ’ ಎಂದು ಅಪ್ಪನೇ ವಿದ್ಯಾವತಿಗೆ ಹೇಳಿ ಕಳಿಸುತ್ತಿದ್ದ. ಎರಡು ವರ್ಷದ ಮೇಲೆ ಅವಳು ಆ ಹುಡುಗನನ್ನೇ ಕಲಬುರಗಿಯ ನೋಂದಣಿ ಕಚೇರಿಯಲ್ಲಿ ಮದುವೆಯಾಗಿ ಜೇವರ್ಗಿಗೆ ಹೋಗಿಬಿಟ್ಟಳು.

ಅವತ್ತು ಗುರಣ್ಣ ಬಾವಿಗೆ ಹೋಗಿ ತಲೆ ಮೇಲೆ ನೀರು ಸುರಿದುಕೊಂಡು ಬಂದ. ಸತ್ತವರಿಗೆ ಮಾಡುವ ಸ್ನಾನ ಅದು. ‘ಒಬ್ಬಾಕಿ ಹೋದ್ಲು. ಆಕಿ ಹೆಸರು ಈ ಮನ್ಯಾಗ ಬ್ಯಾಡ’ ಎಂದ. ಹೆಂಡತಿ ಮಾಳಮ್ಮ ರೊಟ್ಟಿ ಬಡಿಯುತ್ತಾ ಕೂತಳು.

ಮರುವರ್ಷ ಮಾಳಮ್ಮನ ಹೊಟ್ಟೆ ಉಬ್ಬತೊಡಗಿತು. ಊಟ ಸೇರದು, ಕೂತರೆ ಏಳಲಾಗದು. ‘ಮಗಳ ಚಿಂತಿ ಹೊಟ್ಟ್ಯಾಗ ಕುಂತದ’ ಎಂದರು ಓಣಿಯ ಹೆಂಗಸರು. ಕೊನೆಗೆ ಸೊಲ್ಲಾಪುರಕ್ಕೆ ಕರೆದೊಯ್ದಾಗ ಅಲ್ಲಿಯ ಡಾಕ್ಟರು ಹೊಟ್ಟೆಯ ನೀರು ತೆಗೆದು, ಗಡ್ಡೆ ಇದೆ, ಕೈ ಮೀರಿದೆ ಎಂದು ವಾಪಸ್ ಕಳಿಸಿದರು. ಸಂಕ್ರಾಂತಿ ಕಾಣದೆ ಮಾಳಮ್ಮ ತೀರಿಕೊಂಡಳು. ಇನ್ನೂ ಐವತ್ತು ಆಗಿರಲಿಲ್ಲ. ಹೊಲದಲ್ಲಿ ಮಣ್ಣು ಕೊಡುವಾಗ ನಾಲ್ಕು ಮಂದಿಯ ಮುಂದೆ ಗುರಣ್ಣ ಹೇಳಿದ: ‘ಹಿರೀ ಮಗಳು ಹೆತ್ತವ್ವನ್ನ ತಿಂದ್ಲು.’

ಆ ಮಾತನ್ನು ಊರು ನಂಬಿತು, ಸುಮಂಗಲಾಳೂ ನಂಬಿದಳು. ನಂಬಿದರೆ ಅವಳಿಗೂ ಒಂದು ಅನುಕೂಲವಿತ್ತು. ಸಿಟ್ಟು ಇರುವಷ್ಟು ಹೊತ್ತು ಹಂಬಲ ಹೊರಗೆ ನಿಲ್ಲುತ್ತದೆ. ಆದರೆ ಚಳಿಗಾಲ ಬಂತೆಂದರೆ ಆಗುತ್ತಿರಲಿಲ್ಲ. ಅಕ್ಕ ತಂಗಿ ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು. ವಿದ್ಯಾವತಿಯ ಪಾದ ಯಾವಾಗಲೂ ತಣ್ಣಗೆ, ಅವನ್ನು ತಂಗಿಯ ಕಾಲಿಗೆ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಮದುವೆಯಾಗಿ ಮಗಳಾದ ಮೇಲೂ ಸುಮಂಗಲಾಳಿಗೆ ಮಾಗಿಯ ದಿನಗಳಲ್ಲಿ ಎಚ್ಚರವಾದರೆ ಕಾಲು ತನ್ನಷ್ಟಕ್ಕೆ ಮಗ್ಗುಲಿಗೆ ಸರಿದು ಹುಡುಕುತ್ತಿತ್ತು.

ಹೆಂಗಸರಿಗೆ ಬಸ್ ಪುಕ್ಕಟೆ ಆದ ಹೊಸದರಲ್ಲಿ ಅವಳಿಗೆ ಕಲಬುರಗಿ ಮೇಲೆ ಜೇವರ್ಗಿಗೆ ಹೋಗುವ ಗಾಡಿಯ ಡ್ಯೂಟಿ ಬಿತ್ತು. ಒಂದು ಮಧ್ಯಾಹ್ನ ಕಲಬುರಗಿಯಲ್ಲಿ ಹತ್ತಿದ ಮಂದಿಯ ನಡುವೆ ಟಿಕೆಟ್ ಹರಿಯುತ್ತಾ ಹೋದಾಗ ಕಿಟಕಿಯ ಪಕ್ಕದಿಂದ ಒಂದು ಕೈ ಆಧಾರ್ ಕಾರ್ಡ್ ಚಾಚಿತು. ಹೆಸರು ವಿದ್ಯಾವತಿ. ಕೆಳಗೆ ಗಂಡನ ಹೆಸರು ಜಹೀರುದ್ದೀನ. ಸುಮಂಗಲಾ ಕಣ್ಣೆತ್ತಿದಳು. ತಲೆ ಮೇಲೆ ಸೆರಗು, ಕಿವಿಯ ಹತ್ತಿರ ನರೆ, ಅವ್ವನದೇ ಗದ್ದ. ಅಕ್ಕನೂ ಅವಳನ್ನೇ ನೋಡುತ್ತಿದ್ದಳು. ಹಿಂದಿನ ಸೀಟಿನವನೊಬ್ಬ ಚಿಲ್ಲರೆಗಾಗಿ ಕೂಗಿದ. ಸುಮಂಗಲಾ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದಳು. ಜೇವರ್ಗಿ ಬರುವವರೆಗೆ ಅವಳು ಬಾಗಿಲ ಹತ್ತಿರವೇ ಬೆನ್ನು ತಿರುಗಿಸಿ ನಿಂತಿದ್ದಳು. ಇಳಿಯುವಾಗ ವಿದ್ಯಾವತಿ ಪಾವಟಿಗೆಯ ಮೇಲೆ ಒಂದು ಗಳಿಗೆ ತಡೆದಳು. ಸುಮಂಗಲಾ ಸೀಟಿ ಊದಲಿಲ್ಲ, ಮಾತೂ ಆಡಲಿಲ್ಲ. ಅಕ್ಕ ಇಳಿದಳು. ಮರುವಾರ ಸುಮಂಗಲಾ ಆ ರೂಟು ಬೇಡವೆಂದು ಬದಲಿಸಿಕೊಂಡಳು. ಬದಲಿಸಿಕೊಂಡು ಅದಕ್ಕೂ ಪರಿತಪಿಸಿದಳು.

ಅದಾದ ವರ್ಷದೊಳಗೆ ಜಳಕ ಮಾಡುವಾಗ ಎಡ ಎದೆಯಲ್ಲಿ ಅವಳ ಕೈಗೆ ಒಂದು ಗಂಟು ಸಿಕ್ಕಿತು. ನೋವಿಲ್ಲದ ಗಂಟು. ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೋಡಿ ಕ್ಯಾನ್ಸರ್ ಎಂದರು. ಗಡ್ಡೆ ಕುಗ್ಗಲೆಂದು ಮೊದಲು ಕೀಮೋ ಶುರುವಾಯಿತು. ಅಲ್ಲಿಯ ಡಾಕ್ಟರ್ ಮಹಾನಂದಾ ಅಫಜಲಪುರದ ಕಡೆಯವಳು, ಇದೇ ನೆಲದ ಮಾತು ಆಡುವವಳು.

‘ನಿಮ್ಮ ವಯಸ್ಸಿಗೆ ಈ ಥರದ ಗಡ್ಡಿ ಬಂದದಂದ್ರ ನಾ ಮನೆತನ ಕೇಳಬೇಕಾಗ್ತದ. ಮನ್ಯಾಗ ಯಾರಿಗಾದ್ರೂ ಇತ್ತೇನು?’

‘ನಮ್ಮವ್ವಗ ಹೊಟ್ಟ್ಯಾಗ ನೀರ ತುಂಬಿತ್ರಿ. ಚಿಂತಿಲಿಂದ.’

‘ಚಿಂತಿಲಿಂದ ಅಂತ ಯಾರು ಹೇಳಿದ್ರು?’

‘ಊರೆಲ್ಲ ಹೇಳ್ತದ್ರಿ.’

ಡಾಕ್ಟರ್ ಬರೆದುಕೊಂಡು ಮುಂದೆ ಕೇಳಿದಳು. ‘ನಿಮ್ಮವ್ವನ ಅವ್ವ?’

‘ನಾ ಹುಟ್ಟೂಕ್ಕಿಂತ ಮೊದ್ಲೇ ಹೋಗ್ಯಾಳ್ರಿ. ಹ್ಯಾಂಗ ಹೋದ್ಲೋ ಗೊತ್ತಿಲ್ಲ.’

‘ಕೇಳ್ಕೊಂಡು ಬರ್ರಿ. ಒಡಹುಟ್ಟಿದವರು?’

‘ಯಾರೂ ಇಲ್ರಿ. ನಾ ಒಬ್ಬಾಕೇ.’

ಅವ್ವನ ತವರು ಕರಜಗಿ. ಎರಡು ಕೀಮೋಗಳ ನಡುವೆ ಸ್ವಲ್ಪ ತ್ರಾಣ ಬಂದಾಗ ಸುಮಂಗಲಾ ಅಲ್ಲಿಗೆ ಹೋದಳು. ಸೋದರಮಾವ ಇಲ್ಲ, ಅವನ ಹೆಂಡತಿ ಶಿವಕಾಂತಾ ಇದ್ದಾಳೆ. ಕಬ್ಬಿನ ಹೊಲದ ಅಂಚಿನ ಮನೆ. ತಲೆಗೆ ರುಮಾಲು ಕಟ್ಟಿಕೊಂಡು ಬಂದ ನಾದಿನಿಯ ಮಗಳನ್ನು ಕಂಡು ಮುದುಕಿ ಬಹಳ ಹೊತ್ತು ಅವಳ ಕೈ ಸವರುತ್ತಾ ಕೂತಳು. ಆಮೇಲೆ ಹೇಳಿದಳು.

‘ನಮ್ಮತ್ತಿ ಎದಿಗೆ ಅರಿವಿ ಕಟ್ಕೋತಿದ್ಲು. ನನಗ ಮದುವಿ ಆಗಿ ಸ್ವಲ್ಪ ದಿನ ಆಗಿತ್ತು. ಯಾಕ ಅತ್ತಿ ಅಂದ್ರ ಹಾಲಿನ ಗಂಟು ಅಂತಿದ್ಲು. ಮಕ್ಕಳು ದೊಡ್ಡಾಗಿ ಎಷ್ಟ ವರ್ಷ ಆಗಿತ್ತು, ಹಾಲಿನ ಗಂಟು ಎಲ್ಲಿದು. ಗಂಡಸರಿಗೆ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ಲು. ನಾ ಹೇಳಲಿಲ್ಲ. ಆಕಿ ತಂಗಿಗೂ ಹಂಗ ಆಗಿತ್ತಂತ ಆಮ್ಯಾಲ ಕೇಳೇನಿ.’

ಇದನ್ನು ಕೇಳಿದ ಮಹಾನಂದಾ ಅವಳ ರಕ್ತ ತೆಗೆಸಿ ಜೀನ್ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದಳು. ಫಲಿತಾಂಶ ಬರಲು ತಿಂಗಳ ಮೇಲೆ ಹಿಡಿಯಿತು. ಬಂದ ದಿನ ಡಾಕ್ಟರ್ ಬಾಗಿಲು ಮುಚ್ಚಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು.

‘ನೀವು ಡಿಪೋದಾಗ ಇರೋರು, ಹಂಗ ಹೇಳ್ತೇನಿ ಕೇಳ್ರಿ. ಗಾಡಿ ದಿನಾ ಓಡಿದ್ರ ದಿನಾ ಸಣ್ಣಪುಟ್ಟ ರಿಪೇರಿ ಇರ್ತದ. ಮೈಯಾಗೂ ಹಂಗ. ಒಂದೊಂದು ಕಣದಾಗ ದಿನಾ ಏನರ ಹರೀತದ, ಮುರೀತದ. ಅದನ್ನ ಜೋಡಿಸೂ ಜೀನ್ ಇರ್ತಾವ, ಮೆಕ್ಯಾನಿಕ್ ಇದ್ದಂಗ. ಅಂಥದರಾಗ ಬಿಆರ್‌ಸಿಎ ಅನ್ನೂದು ಒಂದು. ಅಪ್ಪನಿಂದ ಒಂದು ಪ್ರತಿ ಬರ್ತದ, ಅವ್ವನಿಂದ ಒಂದು. ನಿಮ್ಮ ಒಂದು ಪ್ರತಿಯೊಳಗ ಹುಟ್ಟಿದಾಗಿಂದ ತಪ್ಪದ. ಅಜ್ಜಿಯ ಎದಿ, ಅವ್ವನ ಹೊಟ್ಟಿ, ನಿಮ್ಮ ಎದಿ, ಎಲ್ಲಾ ಒಂದೇ ದಾರಿ ಅನಸ್ತದ. ನಿಮ್ಮವ್ವಗ ಆಗಿದ್ದು ಅಂಡಾಶಯದ ಕ್ಯಾನ್ಸರ್ ಇರಬೇಕು.’

ಡಾಕ್ಟರ್ ವರದಿಯ ಹಾಳೆ ತಿರುವಿದಳು.

‘ಇದು ಗೊತ್ತಾಗಿದ್ದು ಛಲೋ ಆತು. ಆಪರೇಷನ್ ಆದಮ್ಯಾಲ ಒಂದು ಗುಳಗಿ ಕೊಡ್ತೇವಿ. ಕ್ಯಾನ್ಸರ್ ಕಣಕ್ಕೂ ತನ್ನ ರಿಪೇರಿ ಬೇಕಲ್ಲ, ಒಬ್ಬ ಮೆಕ್ಯಾನಿಕ್ ಮೊದ್ಲೇ ಇಲ್ಲ. ಇನ್ನೊಬ್ಬನ್ನ ಈ ಗುಳಗಿ ತಡೀತದ. ರಿಪೇರಿ ಇಲ್ಲದ ಅದು ಸಾಯ್ತದ. ಅಂಡಾಶಯ ಕೆಡೂಕ್ಕಿಂತ ಮೊದ್ಲೇ ತಗದುಬಿಡೋಣ. ಮಗಳಿಗೆ ಈಗೇ ಅವಸರ ಇಲ್ಲ. ಆಕಿಗೆ ತಿಳಿಸಿ ಹೇಳೋಣ, ಪರೀಕ್ಷಾ ಯಾವಾಗ ಅಂತ ಆಕೀನೇ ಠರಾಯಿಸ್ಲಿ. ಒಡಹುಟ್ಟಿದವರಿದ್ರ ಅವರಿಗೂ ಅರ್ಧಕ್ಕರ್ಧ ಸಂಭವ ಇರ್ತದ. ನಿಮಗ ಯಾರೂ ಇಲ್ಲ, ಅದೊಂದು ಫಿಕರ್ ಇಲ್ಲ.’

ಸುಮಂಗಲಾ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲ ಚಿಲಕಕ್ಕೆ ಕೈ ಹಾಕಿದವಳು ಹಾಗೇ ನಿಂತಳು.

‘ಅಕ್ಕ ಅದಾಳ್ರಿ ಮೇಡಂ’ ಎಂದಳು. ಆ ಮಾತು ಅವಳ ಬಾಯಿಂದ ಬಂದು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಹೇಳಿ ಮತ್ತೆ ಕುರ್ಚಿಗೆ ಬಂದು ಕೂತಳು. ಎಲ್ಲವನ್ನೂ ಹೇಳಿದಳು.

ಗಂಡ ಸಿದ್ದಲಿಂಗ ತಾನೂ ಜೊತೆಗೆ ಬರುತ್ತೇನೆಂದ. ಅವಳು ಬೇಡವೆಂದಳು. ಜೇವರ್ಗಿಯಲ್ಲಿ ಮೋಟರ್ ವೈಂಡಿಂಗ್ ಜಹೀರುದ್ದೀನನ ಮನೆ ಎಂದರೆ ಯಾರಾದರೂ ತೋರಿಸುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ಜಹೀರುದ್ದೀನ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದವನು ಅವಳನ್ನು ನೋಡಿ ತಂತಿ ಕೆಳಗಿಟ್ಟ. ರುಮಾಲು ಕಟ್ಟಿದ, ಹುಬ್ಬು ಉದುರಿದ ಮುಖವನ್ನು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

‘ಬರ್ರಿ. ಒಳಗ ಬರ್ರಿ’ ಎಂದು, ಒಳಗೆ ತಿರುಗಿ ಮೆಲ್ಲಗೆ ಹೇಳಿದ: ‘ವಿದ್ಯಾ, ಹಿಪ್ಪರಗಾದಿಂದ ಬಂದಾರ.’

ವಿದ್ಯಾವತಿ ಹೊಲಿಗೆ ಯಂತ್ರದ ಮುಂದಿಂದ ಎದ್ದು ಬಂದಳು. ಬಂದವಳು ತಂಗಿಯ ಮುಖ ನೋಡಿದಳು, ತಲೆ ನೋಡಿದಳು. ಒಳಗೆ ಹೋಗಿ ನೀರು ತಂದುಕೊಟ್ಟಳು, ಚಹಾ ಮಾಡಿ ತಂದಳು. ಅವಳ ಮಗಳು ನೂರೀನ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಸುಮಂಗಲಾ ಆಸ್ಪತ್ರೆಯ ಮಾತುಗಳನ್ನು ತನಗೆ ನೆನಪಿದ್ದಷ್ಟು ಹೇಳಿದಳು: ಅಜ್ಜಿಯ ಎದೆ, ಅವ್ವನ ಹೊಟ್ಟೆ, ತನ್ನ ಎದೆ, ರಕ್ತದಲ್ಲಿರುವ ತಪ್ಪು. ವಿದ್ಯಾವತಿ ಪೂರ್ತಿ ಕೇಳಿದಳು.

‘ಇಷ್ಟು ವರ್ಷಕ್ಕ ಬಂದಿ. ನನ್ನ ಸಲುವಾಗಿ ಬಂದ್ಯೋ, ರಕ್ತದ ಸಲುವಾಗಿ ಬಂದ್ಯೋ?’

‘ನಿನ್ನ ಸಲುವಾಗಿ ಬರ್ಲಿಕ್ಕ ನನಗ ಧೈರ್ಯ ಇರ್ಲಿಲ್ಲ ಅಕ್ಕ. ರಕ್ತ ಒಂದು ನೆವ ಆತು.’

‘ಬಸ್ಸಿನ್ಯಾಗ ನೋಡಿದ್ಯಲ್ಲ.’

‘ನೋಡಿದ್ದೆ.’

‘ಆವತ್ತಿಂದ ನಾ ಕಲಬುರಗಿಗೆ ಹೋದ್ರ ಆಳಂದ ಗಾಡಿನೇ ಕಾಯ್ತಿದ್ದೆ. ಬ್ಯಾರೆ ಗಾಡಿ ಬಂದ್ರ ಹತ್ತತಿರಲಿಲ್ಲ. ನೀ ಮತ್ತ ಬರ್ಲೇ ಇಲ್ಲ.’

ಸುಮಂಗಲಾ ಅಳತೊಡಗಿದಳು. ವಿದ್ಯಾವತಿ ಹತ್ತಿರ ಬಂದಳು. ತಂಗಿಯ ಸಡಿಲಾದ ರುಮಾಲನ್ನು ಬಿಚ್ಚಿ, ಬೋಳುತಲೆಯ ಮೇಲೆ ಒಮ್ಮೆ ಅಂಗೈ ಇಟ್ಟು, ಮತ್ತೆ ಬಿಗಿಯಾಗಿ ಕಟ್ಟಿದಳು. ‘ಯಾವ ದಿವಸ ಬರ್ಬೇಕು ಹೇಳು’ ಎಂದಳು.

ವಿದ್ಯಾವತಿ ಪರೀಕ್ಷೆಗೆ ರಕ್ತ ಕೊಡುವ ದಿನ ಮಹಾನಂದಾ ಇಬ್ಬರನ್ನೂ ಕೂಡಿಸಿಕೊಂಡು, ಈ ಪರೀಕ್ಷೆಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ವಿವರಿಸಿದಳು. ಕೊನೆಯಲ್ಲಿ ‘ಏನರ ಕೇಳೋದದ ಏನು?’ ಎಂದಳು. ವಿದ್ಯಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು.

‘ನಾ ಮನಿ ಬಿಟ್ಟು ಹೋಗಿದ್ದಕ್ಕ ನಮ್ಮವ್ವಗ ಆ ಗಡ್ಡಿ ಆತೇನ್ರಿ?’

ಡಾಕ್ಟರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

‘ಇಲ್ಲ. ಚಿಂತಿ ಮಾಡಿದ್ರ ಮನಷ್ಯಾ ಸೊರಗ್ತಾನ, ನಿದ್ದಿಗೆಡ್ತಾನ. ಆದ್ರ ಈ ತಪ್ಪು ಚಿಂತಿಲಿಂದ ಬರೂದಲ್ಲ. ನಿಮ್ಮವ್ವ ಇದನ್ನ ಹೊತ್ಕೊಂಡೇ ಹುಟ್ಟ್ಯಾಳ. ನೀವು ಹುಟ್ಟೂಕ್ಕಿಂತ ಮೊದ್ಲು, ಆಕಿ ಮದುವಿಗಿಂತ ಮೊದ್ಲು ಅದು ಅಲ್ಲೇ ಇತ್ತು. ನೀವು ಮನ್ಯಾಗೇ ಇದ್ದಿದ್ರೂ ಆ ಗಡ್ಡಿ ಬರೂದೇ ಇತ್ತು ಅಂತ ನಾ ತಿಳದೇನಿ.’

ವಿದ್ಯಾವತಿ ತಲೆಯಾಡಿಸಿದಳು. ರಕ್ತ ತೆಗೆಯುವ ಕೋಣೆಯಲ್ಲಿ ನರ ಸಿಗದೆ ನರ್ಸು ಎರಡು ಕಡೆ ಚುಚ್ಚಿದರೂ ಅವಳಿಗೆ ಗೊತ್ತಾಗಲಿಲ್ಲ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತಾಗ ಹೇಳಿದಳು. ‘ಅವ್ವ ಹೋದ ಸುದ್ದಿ ನನಗ ಮೂರನೇ ದಿನಕ್ಕ ಮುಟ್ಟಿತು. ಹಿಪ್ಪರಗಾ ಫಾಟಾದ ತನಾ ಬಂದೆ, ಊರಿಗೆ ಹೊರಳೂ ಕ್ರಾಸಿನ ತನಾ. ನೂರೀನ ಹೊಟ್ಟ್ಯಾಗಿದ್ಲು. ಅಲ್ಲೇ ಚಹಾದ ಅಂಗಡ್ಯಾಗ ಯಾರೋ ಹೇಳಾಕತ್ತಿದ್ರು, ಹಿರೀ ಮಗಳು ಹೆತ್ತವ್ವನ್ನ ತಿಂದ್ಲಂತ. ನಾ ಬಂದ ಗಾಡಿಗೇ ವಾಪಸ್ ಹೋದೆ. ನಾನೂ ಹಂಗೇ ತಿಳ್ಕೊಂಡಿದ್ದೆ ಸುಮಿ. ಇವತ್ತಿನ ತನಾ.’

ವಿದ್ಯಾವತಿಯ ಫಲಿತಾಂಶ ಬರುವಷ್ಟರಲ್ಲಿ ಸುಮಂಗಲಾಳ ಎದೆಯ ಆಪರೇಷನ್ ಮುಗಿದಿತ್ತು. ಆ ತಪ್ಪು ವಿದ್ಯಾವತಿಯಲ್ಲಿ ಇಲ್ಲ. ಅವಳಿಂದ ನೂರೀನಗೆ ಬರುವ ಪ್ರಶ್ನೆಯೂ ಇಲ್ಲ. ಜಹೀರುದ್ದೀನ ಪೇಢೆ ತಂದು ಆಸ್ಪತ್ರೆಯ ಆಯಾಗಳಿಗೂ ಹಂಚಿದ. ಆದರೆ ವಿದ್ಯಾವತಿಯ ಮುಖದಲ್ಲಿ ಗೆಲುವು ಕಾಣಲಿಲ್ಲ. ಸುಮಂಗಲಾ ಕಾರಣ ಕೇಳಿದಾಗ ಹೇಳಿದಳು.

‘ಅವ್ವನ ಬಂಗಾರ ನಿನಗ ಬಂತು, ಸೀರಿ ನಿನಗ ಬಂತು. ಆಕಿ ಕಡೀ ದಿನಾ ನಿನಗ ಸಿಕ್ಕಾವ. ಈಗ ಇದೂ ನಿನಗೇ ಬಂತು. ನನಗ ಅವ್ವಂದು ಏನೂ ಬರ್ಲಿಲ್ಲ ಬೇ.’ ಹಾಗೆಂದವಳೇ ತನ್ನ ಮಾತಿಗೆ ತಾನೇ ಹೆದರಿ ತಂಗಿಯ ಕೈ ಹಿಡಿದಳು. ‘ಹುಚ್ಚಿಹಂಗ ಮಾತಾಡಾಕತ್ತೇನಿ. ನಿನಗೂ ಬರಬಾರದಿತ್ತು.’

‘ಗದ್ದ ಬಂದದಲ್ಲ’ ಎಂದಳು ಸುಮಂಗಲಾ. ವಿದ್ಯಾವತಿ ತನ್ನ ಗದ್ದ ಮುಟ್ಟಿ ನೋಡಿಕೊಂಡಳು.

ಅಪ್ಪನಿಗೆ ಹೇಳುವುದು ಉಳಿದಿತ್ತು. ಗುರಣ್ಣನಿಗೆ ಈಗ ಎಂಬತ್ತರ ಹತ್ತಿರ. ಕಟ್ಟೆಯ ಮೇಲೆ ಕೂತು ತೊಗರಿ ಕಟ್ಟಿಗೆ ಸಿಗಿಯುತ್ತಿದ್ದವನ ಮುಂದೆ ಸುಮಂಗಲಾ ಡಾಕ್ಟರ್ ಹೇಳಿದ್ದನ್ನು ನಿಧಾನವಾಗಿ ಹೇಳಿದಳು. ಅಕ್ಕನ ಹೆಸರನ್ನೂ ಹೇಳಿದಳು. ಆ ಹೆಸರು ಆ ಮನೆಯ ಮುಂದೆ ಕೇಳಿ ಬಹಳ ಕಾಲವಾಗಿತ್ತು. ಮುದುಕ ಕುಡಗೋಲು ಬದಿಗಿಟ್ಟ.

‘ಹುಟ್ಟಾ ಇತ್ತಂತೇನು?’

‘ಹೌದಪ್ಪ. ಕರಜಗಿ ಆಯಿಗೂ ಇತ್ತು.’

‘ಹಂಗಾರ ನಾ ಇಷ್ಟ ದಿನಾ ಯಾರ ಮ್ಯಾಲ ಸಿಟ್ಟ ಮಾಡಿದೆ?’

ಅವನು ಅಂದು ಊಟ ಮಾಡಲಿಲ್ಲ. ಬೆಳಿಗ್ಗೆ ಅವಳು ಹೊರಡುವಾಗ ಇಷ್ಟೇ ಕೇಳಿದ: ‘ಆಕಿ ಮಗಳು ಯಾರ್ಹಂಗ ಅದಾಳ?’

ಅಂಡಾಶಯ ತೆಗೆಯುವ ಆಪರೇಷನ್ನಿನ ದಿನ ಗುರಣ್ಣ ಯಾರಿಗೂ ಹೇಳದೆ ಆಳಂದದ ಬಸ್ಸು ಹಿಡಿದು, ಕಲಬುರಗಿಯಲ್ಲಿ ಕೇಳಿಕೊಂಡು ಕೇಳಿಕೊಂಡು ಆಸ್ಪತ್ರೆಗೆ ಬಂದ. ಥಿಯೇಟರಿನ ಹೊರಗಿನ ಬೆಂಚಿನ ಒಂದು ತುದಿಗೆ ವಿದ್ಯಾವತಿ ಕೂತಿದ್ದಳು. ಅವನು ಇನ್ನೊಂದು ತುದಿಗೆ ಕೂತ. ಸಿದ್ದಲಿಂಗ ಆಮೇಲೆ ಹೆಂಡತಿಗೆ ಹೇಳಿದ್ದು ಇದು. ಇಬ್ಬರೂ ಎದುರಿನ ಗೋಡೆ ನೋಡುತ್ತಾ ಕೂತರು. ಒಳಗಿಂದ ನರ್ಸು ಬಂದು ಆಪರೇಷನ್ ಸುಸೂತ್ರವಾಯಿತು ಎಂದಾಗ ಮುದುಕ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ವಿದ್ಯಾವತಿ ಸರಿದು ಬಂದು ತನ್ನ ಬಾಟಲಿಯ ನೀರು ಕೊಟ್ಟಳು. ಅವನು ಕುಡಿದ. ಬಾಟಲಿ ವಾಪಸ್ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು, ಗೋಡೆಗೆ ಹೇಳುವವನಂತೆ ಹೇಳಿದ:

‘ನಿಮ್ಮವ್ವ ಹೊಲದಾಗ ಅದಾಳ. ಬಾವಿ ಮಗ್ಗಲಕ.’

ಮಗಳನ್ನು ಮನೆಗೆ ಕರೆಯಲು ಅವನಿಗೆ ಸಿಕ್ಕ ಮಾತು ಅದೊಂದೇ.

ಸುಮಂಗಲಾ ಗುಳಿಗೆ ನುಂಗುತ್ತಾಳೆ. ಅದರಿಂದ ಬಾಯಿ ರುಚಿ ಹೋಗಿದೆ, ಆಗಾಗ ಹೊಟ್ಟೆ ತೊಳಸುತ್ತದೆ, ಮೈ ಥಟ್ಟನೆ ಕಾದು ಬೆವರುತ್ತದೆ. ಮೊನ್ನೆಯ ತಪಾಸಣೆಯಲ್ಲಿ ಏನೂ ಕಂಡಿಲ್ಲ. ಪೂರ್ತಿ ಹೋಯಿತು ಎಂದು ಮಹಾನಂದಾ ಹೇಳುವುದಿಲ್ಲ. ಬರುತ್ತಾ ಇರಿ, ನೋಡುತ್ತಾ ಇರೋಣ ಎನ್ನುತ್ತಾಳೆ. ಡಿಪೋದಲ್ಲಿ ಸದ್ಯಕ್ಕೆ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಮಗಳು ಶೈಲಶ್ರೀ ಪರೀಕ್ಷೆ ಮಾಡಿಸುವುದನ್ನು ಓದು ಮುಗಿದ ಮೇಲೆ ನೋಡುತ್ತೇನೆ ಎಂದಿದ್ದಾಳೆ. ಅವಳು ಒಬ್ಬಳೇ ಕೂತಾಗ ಎದೆಗೆ ಕೈ ಹೋಗುವುದನ್ನು ತಾಯಿ ನೋಡಿ ನೋಡದಂತೆ ಇರುತ್ತಾಳೆ.

ಜೋಳ ಹಾಲುಗಾಳು ಹಿಡಿದಿದ್ದಾಗ ವಿದ್ಯಾವತಿ ಹಿಪ್ಪರಗಾಕ್ಕೆ ಬಂದಳು. ಊರೊಳಗೆ ಬರಲಿಲ್ಲ, ನೇರ ಹೊಲಕ್ಕೇ ಹೋದಳು. ಗುರಣ್ಣ ಕೋಲೂರಿಕೊಂಡು ಮುಂದೆ ನಡೆದ. ಬಾವಿಯ ಪಕ್ಕ ಎದೆಮಟ್ಟ ಜೋಳ ನಿಂತಿತ್ತು. ಗುರುತಿಗೆ ಇಟ್ಟ ಕಲ್ಲು ಎಷ್ಟೋ ವರ್ಷದ ಹಿಂದೆ ಟ್ರ್ಯಾಕ್ಟರ್ ಹೊಡೆಯುವಾಗ ಎಲ್ಲೋ ಸರಿದುಹೋಗಿದೆ. ಮುದುಕ ದಂಟು ಸರಿಸಿ ‘ಇಲ್ಲೇ’ ಎಂದ. ನಾಲ್ಕು ಹೆಜ್ಜೆ ಮುಂದೆ ಹೋಗಿ ‘ಇಲ್ಲ, ಇಲ್ಲಿ ಇರಬೇಕು’ ಎಂದ. ಕೊನೆಗೆ ಒಬ್ಬನೇ ಬಾವಿಯ ಕಡೆ ಹೋಗಿ ಕೂತ.

ಅಕ್ಕ ತಂಗಿ ಜೋಳದ ನಡುವೆ ಕೂತರು. ಗಾಳಿಗೆ ಗರಿಗಳು ಸದ್ದು ಮಾಡುತ್ತಿದ್ದವು. ವಿದ್ಯಾವತಿ ಮಣ್ಣಿನ ಮೇಲೆ ಅಂಗೈ ಊರಿ ಕೇಳಿದಳು.

‘ಕಡೀಕ ಅವ್ವ ನನ್ನ ಹೆಸರು ತಗದಿದ್ಲೇನು? ಖರೇ ಹೇಳು.’

‘ಎಚ್ಚರ ಇರೂತನಾ ತಗೀಲಿಲ್ಲ. ಕಡೀ ಎರಡು ದಿನಾ ಜ್ವರದಾಗ ನನ್ನೇ ವಿದ್ಯಾ ಅಂತಿದ್ಲು. ಯಾವಾಗ ಬಂದಿ ವಿದ್ಯಾ ಅಂತ ಕೇಳಿದ್ಲು.’

‘ನೀ ಏನಂದಿ?’

‘ಈಗ ಬಂದೆ ಅವ್ವ ಅಂದೆ.’

ವಿದ್ಯಾವತಿ ಆ ಮಾತನ್ನು ಬಾಯೊಳಗೇ ಒಮ್ಮೆ ಅಂದುಕೊಂಡಳು. ತುಟಿ ಅಲುಗಿದ್ದು ಸುಮಂಗಲಾಳಿಗೆ ಕಂಡಿತು, ದನಿ ಕೇಳಲಿಲ್ಲ. ಹೊತ್ತು ಬಾವಿಯ ಆಚೆಗೆ ಇಳಿಯುತ್ತಿತ್ತು. ‘ಇನ್ನಾ ಏನೇನ್ ಕೇಳಿದ್ಲು?’ ಎಂದಳು ಅಕ್ಕ, ಮತ್ತು ತಂಗಿ ನೆನಪಿದ್ದದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋದಳು.